ಅಪ್ಪ ಅಮ್ಮನ ಜೊತೆ ಕೋಡಿಯಲ್ಲಿ ರೋಡಿಯೋ ನೋಡಬಹುದಾ? ಹೋಗಿ ಬಂದವರು ಹೇಳಿ

ಕೇಳಿದವರು, ಶಿಕಾಗೋ:

ಜೂನ್ ಕೊನೆಯ ವಾರ ಕಾರಲ್ಲೇ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೊರಟಿದ್ದೇವೆ. ದಾರಿಯಲ್ಲಿ ವಯೋಮಿಂಗ್‌ನ ಕೋಡಿ ಊರಲ್ಲಿ ಒಂದು ರಾತ್ರಿ ಉಳಿಯುತ್ತೇವೆ. ಅಲ್ಲಿ ರೋಡಿಯೋ, ಅಂದರೆ ಒದೆಯುವ ಕುದುರೆ, ಹೋರಿಗಳ ಮೇಲೆ ಕೂರುವ, ಕರುಗಳಿಗೆ ಕುಣಿಕೆ ಹಾಕುವ ಕೌಬಾಯ್ ಆಟ, ನೋಡೋಣ ಅಂತ ನನ್ನ ಗಂಡ ಹಟ ಹಿಡಿದಿದ್ದಾರೆ. ಹಾವೇರಿಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ಹೋರಿ ಸಾಕಿದವರು, ಹೋರಿ ಹಬ್ಬ ಅಂದರೆ ಊಟ ಬಿಟ್ಟು ಹೋಗುತ್ತಿದ್ದರು. ಅಮ್ಮನಿಗೆ ಮಂಡಿ ನೋವು, ಮೊಟ್ಟೆ ಕೂಡ ಮುಟ್ಟಲ್ಲ. ಮಗಳಿಗೆ ಆರು ವರ್ಷ. ಎಲ್ಲಿ ಕೂರಬೇಕು, ಏನು ತಿನ್ನಬೇಕು, ಮಗು ಹೆದರುತ್ತಾ, ಪ್ರಾಣಿಗಳಿಗೆ ಹಿಂಸೆ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಡೆನ್ವರ್‌ನಿಂದ:

ಹೋಗಿ. ನಿಮ್ಮಂಥ ದಾರಿಹೋಕರಿಗೆ ಕೋಡಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಬೇರೆ ಕಡೆ ರೋಡಿಯೋ ಅಂದರೆ ವರ್ಷಕ್ಕೊಂದು ವಾರಾಂತ್ಯ. ನಾವು ಹೋಗುವ ದಿನಕ್ಕೆ ಅದು ಹೊಂದುವುದೇ ಇಲ್ಲ. ಇಲ್ಲಿ 1938ರಿಂದ ಬೇಸಿಗೆಯಿಡೀ ದಿನಾ ರಾತ್ರಿ ಆಟ. ಜೂನ್ 1ರಿಂದ ಆಗಸ್ಟ್ 31ರ ತನಕ, ಸಂಜೆ ಎಂಟಕ್ಕೆ ಶುರು, ಹತ್ತರ ಹೊತ್ತಿಗೆ ಮುಗಿಯುತ್ತದೆ. ಊರಲ್ಲಿ ಇರುವುದೇ ಸುಮಾರು ಹತ್ತು ಸಾವಿರ ಜನ. ಬಫಲೋ ಬಿಲ್ ಅಂತ ಹೆಸರು ಮಾಡಿದ ವಿಲಿಯಂ ಕೋಡಿ ಮುಂದೆ ನಿಂತು ಕಟ್ಟಿಸಿದ ಊರು.

ಜುಲೈ 1ರಿಂದ 4ರವರೆಗೆ ಮಾತ್ರ ಲೆಕ್ಕ ಬೇರೆ. ಅದು ಕೋಡಿ ಸ್ಟ್ಯಾಂಪೀಡ್, 1919ರಿಂದ ನಡೆಯುತ್ತಿದೆ. ದೇಶದ ಹೆಸರಾಂತ ಸವಾರರೆಲ್ಲ ಬರುತ್ತಾರೆ, ರೂಮು ಸಿಗುವುದು ಕಷ್ಟ. ನೀವು ಅದಕ್ಕೆ ಮುಂಚೆ ಹೋಗುತ್ತಿರುವುದು ಒಳ್ಳೆಯದೇ ಆಯಿತು. ದಿನಾ ನಡೆಯುವ ಆಟದಲ್ಲಿ ಇರುವವರು ಹೆಚ್ಚಾಗಿ ಇನ್ನೂ ಮೇಲೆ ಬರುತ್ತಿರುವ ಹುಡುಗರು. ಬೇಗ ಬೇಗ ಬೀಳುತ್ತಾರೆ. ಆದರೆ ಎಲ್ಲವೂ ಕೈಯಳತೆಯಲ್ಲಿ ಕಾಣುತ್ತದೆ.

ಬಟ್ಟೆ ವಿಷಯ. ಕೋಡಿ ಸಮುದ್ರ ಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ. ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ದಾಟಿದ ಮೇಲೆ. ಆಟ ಶುರುವಾಗುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿರುತ್ತದೆ, ಮುಗಿಯುವಾಗ ಹಲ್ಲು ಕಟಕಟ ಅನ್ನುತ್ತಿರುತ್ತದೆ. ಅಮ್ಮನಿಗೆ ಸ್ವೆಟರ್ ಸಾಲದು, ಶಾಲೂ ಇರಲಿ. ಕೂರುವ ಹಲಗೆ ತಣ್ಣಗೆ ಕೊರೆಯುತ್ತೆ, ಕೆಳಗೆ ಹಾಸಲು ಒಂದು ದಪ್ಪ ಹೊದಿಕೆ ತನ್ನಿ. ಮಳೆ ಬಂದರೂ ಆಟ ನಿಲ್ಲಿಸುವ ಪದ್ಧತಿ ಇಲ್ಲ. ಛತ್ರಿ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ರೈನ್‌ಕೋಟ್ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಆಟ ಮುಗಿಸಿ ಅದೇ ರಾತ್ರಿ ಪಾರ್ಕ್ ಕಡೆ ಡ್ರೈವ್ ಮಾಡುವ ಯೋಚನೆ ಇದ್ದರೆ ಬಿಡಿ. ಪೂರ್ವ ದ್ವಾರಕ್ಕೆ ಐವತ್ತು ಮೈಲಿಗಿಂತ ಜಾಸ್ತಿ ಇದೆ, ಪೂರ್ತಿ ಕಣಿವೆ ದಾರಿ. ಕತ್ತಲಲ್ಲಿ ಜಿಂಕೆ ಅಡ್ಡ ಬರುತ್ತವೆ. ಕಾಡೆಮ್ಮೆಯಂತೂ ರಸ್ತೆ ಮಧ್ಯೆ ನಿಂತಿದ್ದರೆ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ.

ಪೋರ್ಟ್‌ಲ್ಯಾಂಡ್‌ನಿಂದ:

ನಾವು ನೋಡುವುದು ಇಲ್ಲೇ ಹತ್ತಿರದ ಸೇಂಟ್ ಪಾಲ್ ರೋಡಿಯೋ. ಊರಲ್ಲಿ ನಾನೂರು ಚಿಲ್ಲರೆ ಜನ ಅಷ್ಟೆ. 1936ರಿಂದ ಜುಲೈ ನಾಲ್ಕರ ಆಸುಪಾಸು ನಡೆಸುತ್ತಾರೆ. ಇಂಟೆಲ್‌ನಲ್ಲಿರುವ ಕನ್ನಡದವರು ಒಂದಿಬ್ಬರಾದರೂ ಪ್ರತಿ ಸಲ ಸಿಕ್ಕೇ ಸಿಗುತ್ತಾರೆ.

ಮಕ್ಕಳ ಬಗ್ಗೆ ಹೇಳುತ್ತೇನೆ. ಹಲವು ಊರುಗಳಲ್ಲಿ ಮಟನ್ ಬಸ್ಟಿಂಗ್ ಅಂತ ಇರುತ್ತದೆ. ಹೆಲ್ಮೆಟ್ ಹಾಕಿ ಮಗುವನ್ನು ಕುರಿ ಮೇಲೆ ಬೋರಲಾಗಿ ಮಲಗಿಸುತ್ತಾರೆ. ಮಗು ಎರಡೂ ಕೈಯಲ್ಲಿ ಉಣ್ಣೆ ಹಿಡಿದುಕೊಳ್ಳುತ್ತದೆ. ಬಾಗಿಲು ತೆಗೆದ ತಕ್ಷಣ ಕುರಿ ಓಟ ಕೀಳುತ್ತದೆ. ಮಗು ಮೆಲ್ಲಗೆ ಒಂದು ಪಕ್ಕಕ್ಕೆ ಜಾರುತ್ತಾ ಜಾರುತ್ತಾ ಹೊಟ್ಟೆಗೇ ನೇತುಬಿದ್ದು ಕೊನೆಗೆ ಮಣ್ಣಿಗೆ ಬೀಳುತ್ತದೆ. ಬಾಯಿ ತುಂಬ ಮಣ್ಣು, ಅಳಬೇಕೋ ನಗಬೇಕೋ ಗೊತ್ತಾಗದ ಮುಖ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರೆ ಅಳು ಅಲ್ಲೇ ನಿಲ್ಲುತ್ತದೆ. ಹೆಸರು ಮೊದಲೇ ಬರೆಸಬೇಕು, ವಯಸ್ಸು ತೂಕ ನೋಡುತ್ತಾರೆ, ಪೆಟ್ಟಾದರೆ ನಾವೇ ಹೊಣೆ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನ ಮಗನನ್ನು ನಾನು ಬಿಡಲಿಲ್ಲ. ಅವನಿನ್ನೂ ಅದನ್ನು ಮರೆತಿಲ್ಲ.

ಕೋಡಿಯಲ್ಲಿ ಮಕ್ಕಳನ್ನೆಲ್ಲ ಅಖಾಡಕ್ಕೆ ಕರೆದು ಕರುಗಳನ್ನು ಬಿಡುತ್ತಾರೆ. ಬಾಲಕ್ಕೆ ಕಟ್ಟಿದ ರಿಬ್ಬನ್ ಕಿತ್ತವರು ಗೆದ್ದ ಹಾಗೆ. ನಿಮ್ಮ ಮಗಳನ್ನು ಅದಕ್ಕೆ ಧೈರ್ಯವಾಗಿ ಕಳಿಸಿ. ಕರು ಕೈಗೆ ಸಿಗುವುದು ಒಂದಿಬ್ಬರಿಗೆ, ಉಳಿದವರು ಸುಮ್ನೆ ಓಡಾಡುತ್ತಾರೆ. ಒಳ್ಳೆ ಶೂ ಇರಲಿ, ಸ್ಯಾಂಡಲ್ ಬೇಡ. ಕೆಳಗೆ ಬರೀ ಮಣ್ಣಲ್ಲ, ಸಗಣಿಯೂ ಇರುತ್ತದೆ.

ಫ್ರೀಮಾಂಟ್‌ನಿಂದ:

ಊಟದ ವಿಷಯ ನನಗೆ ಬಿಡಿ. ಲಿವರ್‌ಮೋರ್ ಶಿವ ವಿಷ್ಣು ದೇವಸ್ಥಾನಕ್ಕೆ ಬೇ ಏರಿಯಾದ ಅರ್ಧಕ್ಕರ್ಧ ಕನ್ನಡಿಗರು ಹೋಗುತ್ತಾರೆ. ಅದೇ ಊರಲ್ಲಿ 1918ರಿಂದ ಜೂನ್ ತಿಂಗಳಲ್ಲಿ ರೋಡಿಯೋ ನಡೆಯುತ್ತದೆ ಅಂತ ಸುಮಾರು ಜನಕ್ಕೆ ಗೊತ್ತೇ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ರೆಡ್ ಕ್ರಾಸ್‌ಗೆ ದುಡ್ಡು ಕೂಡಿಸಲು ಶುರು ಮಾಡಿದ್ದಂತೆ. ನಾವು ಬೆಳಿಗ್ಗೆ ದರ್ಶನ ಮುಗಿಸಿ, ಪ್ರಸಾದ ತಿಂದು, ಮಧ್ಯಾಹ್ನ ರೋಡಿಯೋಗೆ ಹೋಗುವುದು.

ಒಳಗೆ ಸಿಗುವುದು ಬಾರ್ಬೆಕ್ಯೂ, ಹಾಟ್ ಡಾಗ್, ಬರ್ಗರ್. ಅಮ್ಮನಿಗೆ ಆಗುವುದು ಬೇಯಿಸಿದ ಜೋಳದ ತೆನೆ, ಕೆಟಲ್ ಕಾರ್ನ್ ಅನ್ನುವ ಸಿಹಿ ಪಾಪ್‌ಕಾರ್ನ್, ಲೆಮನೇಡ್. ಫ್ರೆಂಚ್ ಫ್ರೈಸ್ ಬೇಕಾದರೆ ಕೋಳಿ ಕರಿದ ಎಣ್ಣೆಯಲ್ಲೇ ಹಾಕುತ್ತಾರಾ ಅಂತ ಕೇಳಿ. ಬೀನ್ಸ್ ಸಸ್ಯಾಹಾರ ಅಂದುಕೊಳ್ಳಬೇಡಿ, ಹಂದಿ ಮಾಂಸದ ಚೂರು ಇರುತ್ತದೆ. ಫನಲ್ ಕೇಕ್ ನೋಡಲು ಜಿಲೇಬಿ ತರ ಇದ್ದರೂ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಹೊರಗಿನ ತಿಂಡಿ ಒಳಗೆ ಬಿಡುವುದು ಕಮ್ಮಿ. ಹಾಗಾಗಿ ಚಿತ್ರಾನ್ನ, ಚಪಾತಿ ಪಲ್ಯ ಪಾರ್ಕಿಂಗಲ್ಲೇ ಡಿಕ್ಕಿ ತೆಗೆದು ಮುಗಿಸಿ. ಅಲ್ಲಿ ಅದು ಮಾಮೂಲು, ಪಕ್ಕದವರು ಒಲೆಯನ್ನೇ ಹೂಡಿರುತ್ತಾರೆ.

ಟೆಕ್ಸಾಸ್‌ನಿಂದ, ಊರು ರಾಣೆಬೆನ್ನೂರು:

ನಿಮ್ಮ ತಂದೆಯವರು ಹೋರಿ ಸಾಕಿದವರು ಅಂದಿರಿ ನೋಡಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜನರೆಲ್ಲ ಸವಾರನನ್ನೇ ನೋಡುತ್ತಾರೆ. ಅಲ್ಲಿ ನೋಡಬೇಕಾದ್ದು ಪ್ರಾಣಿಯನ್ನು. ಅಂಕದ ಲೆಕ್ಕವೇ ಹಾಗಿದೆ. ಒಟ್ಟು ನೂರು. ಇಬ್ಬರು ತೀರ್ಪುಗಾರರು, ಒಬ್ಬೊಬ್ಬರು ಸವಾರನಿಗೆ 25, ಪ್ರಾಣಿಗೆ 25ರ ತನಕ ಕೊಡಬಹುದು. ಅಂದರೆ ಅರ್ಧ ಅಂಕ ಹೋರಿಯದ್ದು. ಸೋಮಾರಿ ಹೋರಿ ಮೇಲೆ ಕಲ್ಲಿನ ಹಾಗೆ ಕೂತರೂ ದೊಡ್ಡ ಅಂಕ ಬರಲ್ಲ. ಸವಾರ ಎಂಟು ಸೆಕೆಂಡು ಒಂದೇ ಕೈಯಲ್ಲಿ ಹಿಡಿದು ಕೂರಬೇಕು. ಇನ್ನೊಂದು ಕೈ ಹೋರಿಗಾಗಲಿ ತನ್ನ ಮೈಗಾಗಲಿ ತಾಗಿದರೆ ಆಟದಿಂದ ಔಟ್. ಏಳೂವರೆ ಸೆಕೆಂಡಿಗೆ ಬಿದ್ದರೂ ಸೊನ್ನೆಯೇ.

ಈಗ ತಂದೆಯವರಿಗೆ ಹೇಳಿ. ಸವಾರ ಎಡಗೈಲಿ ಹಿಡಿದಿದ್ದಾನೋ ಬಲಗೈಲೋ ಮೊದಲು ನೋಡಬೇಕು. ಹೋರಿ ಆ ಕೈ ಕಡೆಗೇ ಸುತ್ತಿದರೆ ಸ್ವಲ್ಪ ಸಲೀಸು. ಎದುರು ಕಡೆಗೆ ಸುತ್ತಿದರೆ ಹೊರಗೆ ಎಸೆಯುತ್ತದೆ. ಅವರಿಗೆ ಇಷ್ಟು ಗೊತ್ತಾದರೆ ಸಾಕು. ಮೂರನೇ ಹೋರಿ ಹೊರಗೆ ಬರುವಷ್ಟರಲ್ಲಿ ಯಾರು ಬೀಳುತ್ತಾರೆ ಅಂತ ಅವರೇ ನಿಮಗೆ ಹೇಳುತ್ತಾರೆ.

ಹೋರಿಗಳ ಮೈ ನೋಡಲಿ. ಹೆಗಲ ಮೇಲೆ ಡುಬ್ಬ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಉದ್ದ ಕಿವಿ. ನಮ್ಮ ಕಡೆಯ ರಕ್ತವೇ. ಹತ್ತೊಂಬತ್ತನೇ ಶತಮಾನದ ನಡುವಿನಿಂದ 1920ರ ದಶಕದವರೆಗೆ ಭಾರತದ ತಳಿಗಳು ಅಮೆರಿಕಕ್ಕೆ ಬಂದವು, ಕೆಲವು ಬ್ರೆಜಿಲ್ ದಾರಿಯಾಗಿ. ಅವುಗಳಿಂದ ಬ್ರಾಹ್ಮಣ್ ಅಂತ ಕರೆಯುವ ತಳಿ ಕಟ್ಟಿದರು. ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಒಂಗೋಲು, ಅವುಗಳ ಜೊತೆಗೆ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಕೃಷ್ಣಾ ಕಣಿವೆ ತಳಿಯೂ ಅದರಲ್ಲಿ ಸೇರಿದೆ. ರೋಡಿಯೋ ಹೋರಿಗಳಲ್ಲಿ ಈ ಬ್ರಾಹ್ಮಣ್ ಬೆರಕೆ ಬಹಳ. ನಮ್ಮಪ್ಪ ಮೊದಲ ಸಲ ನೋಡಿದಾಗ ಸವಾರನ ಕಡೆ ತಿರುಗಿಯೂ ನೋಡಲಿಲ್ಲ. “ಇದಕ್ಕೆ ಏನ್ ಹಾಕ್ತಾರ ತಮ್ಮಾ, ಹಿಂಡಿನಾ?” ಅಂತ ಬೇಲಿ ಪಕ್ಕದವನನ್ನು ಕೇಳು ಅಂತ ನನ್ನ ಜೀವ ತಿಂದರು. ಆ ಮನುಷ್ಯ ಖುಷಿಯಿಂದ ಅರ್ಧ ಗಂಟೆ ಮೇವಿನ ಲೆಕ್ಕ ಕೊಟ್ಟ. ಚಿಕ್ಕ ಊರಲ್ಲಿ ಇದೆಲ್ಲ ಆಗುತ್ತದೆ. ದೊಡ್ಡ ಕ್ರೀಡಾಂಗಣದಲ್ಲಿ ಪ್ರಾಣಿಗಳ ಹತ್ತಿರಕ್ಕೂ ಬಿಡುವುದಿಲ್ಲ.

ಹೋರಿ ನಿಲ್ಲಿಸುವ ಇಕ್ಕಟ್ಟಾದ ಕಬ್ಬಿಣದ ಗೂಡಿಗೆ ಇಲ್ಲಿ ಶೂಟ್ ಅನ್ನುತ್ತಾರೆ. ಅದರ ಸಮೀಪ ಸೀಟು ತೆಗೆದುಕೊಳ್ಳಿ. ಸವಾರ ಗೂಡಿನ ಮೇಲಿಂದ ಇಳಿಯುವುದು, ಗೆಳೆಯರು ಹಗ್ಗ ಜಗ್ಗಿ ಬಿಗಿ ಮಾಡುವುದು, ಅವನು ತಲೆ ಅಲ್ಲಾಡಿಸಿದ ಕೂಡಲೇ ಬಾಗಿಲು ತೆಗೆಯುವುದು, ಎಲ್ಲ ಕಾಣಬೇಕು.

ಕೇಳಿದವರು:

ಅಪ್ಪನಿಗೆ ಓದಿ ಹೇಳಿದೆ. “ಮೂಗುದಾರ ಇಲ್ದ ಹೆಂಗ ಹಿಡಿತಾರ? ಗಂಟಿ ಯಾಕ ಕಟ್ಯಾರ?” ಅಂತ ಕೇಳುತ್ತಿದ್ದಾರೆ. ಯಾವುದೋ ವಿಡಿಯೋದಲ್ಲಿ ಹೊಟ್ಟೆ ಕೆಳಗೆ ಗಂಟೆ ನೋಡಿದರಂತೆ.

ಟೆಕ್ಸಾಸ್‌ನಿಂದ:

ಮೂಗುದಾರ ಇಲ್ಲ. ಮುಂಗಾಲಿನ ಹಿಂದೆ ಎದೆ ಸುತ್ತ ಚಪ್ಪಟೆ ಹೆಣೆದ ಹಗ್ಗ ಹಾಕುತ್ತಾರೆ, ಗಂಟು ಹಾಕುವುದಿಲ್ಲ. ಸವಾರನ ಕೈ ಬಿಗಿಯೇ ಅದನ್ನು ಹಿಡಿದಿರುತ್ತದೆ. ಅವನು ಕೈ ಬಿಟ್ಟರೆ ಗಂಟೆಯ ಭಾರಕ್ಕೆ ಹಗ್ಗ ತಾನೇ ಕಳಚಿ ಬೀಳಬೇಕು. ಆಮೇಲೆ ಹೋರಿಯನ್ನು ಹಿಡಿಯುವವರೂ ಇಲ್ಲ. ಒಳಗಿರುವ ಬುಲ್‌ಫೈಟರ್‌ಗಳು ಅದರ ಮುಂದೆ ಓಡಿ ಗಮನ ಸೆಳೆಯುತ್ತಾರೆ, ಅದು ಬಾಗಿಲು ಕಂಡರೆ ತಾನೇ ಹೋಗುತ್ತದೆ. ಬಿದ್ದವನನ್ನು ಉಳಿಸುವವರು ಇವರೇ. ಡ್ರಮ್ ಒಳಗೆ ಕೂತು ಜೋಕ್ ಹೊಡೆಯುವ ಕೋಡಂಗಿ ಬೇರೆ.

ಫೋರ್ಟ್ ಕಾಲಿನ್ಸ್‌ನಿಂದ, ಪಶುವೈದ್ಯಕೀಯದಲ್ಲಿರುವವಳು:

ಹಿಂಸೆ ಬಗ್ಗೆ ಕೇಳಿದಿರಿ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಕುದುರೆ, ಹೋರಿಗಳ ಹಿಂಗಾಲಿನ ಮುಂದೆ ಹೊಟ್ಟೆ ಸುತ್ತ ಒಂದು ಪಟ್ಟಿ ಬಿಗಿಯುತ್ತಾರೆ. ವೃಷಣಕ್ಕೆ ಕಟ್ಟುತ್ತಾರೆ ಅನ್ನುವುದು ಸುಳ್ಳು. ಆ ಪಟ್ಟಿ ಕಿರಿಕಿರಿ ಮಾಡುವುದು ನಿಜ, ಅದಕ್ಕೇ ಹಿಂಗಾಲು ಝಾಡಿಸುತ್ತವೆ. ಆದರೆ ಒದೆಯುವ ಗುಣ ಇಲ್ಲದ ಪ್ರಾಣಿ ಪಟ್ಟಿ ಕಟ್ಟಿದರೂ ಚೆನ್ನಾಗಿ ಆಡುವುದಿಲ್ಲ. ಈ ಗುಣ ನೋಡಿಯೇ ತಳಿ ಬೆಳೆಸುತ್ತಾರೆ.

ನನಗೆ ನೋಡಲಾಗದ್ದು ಕರುವಿಗೆ ಕುಣಿಕೆ ಹಾಕುವ ಆಟ. ಓಡುವ ಕರುವಿನ ಕುತ್ತಿಗೆಗೆ ಹಗ್ಗ ಬಿದ್ದು ಅದು ಜಗ್ಗಿ ನಿಲ್ಲುತ್ತದೆ. ಸವಾರ ಇಳಿದು ಓಡಿಹೋಗಿ, ಅದನ್ನು ಕೆಡವಿ, ಮೂರು ಕಾಲು ಸೇರಿಸಿ ಕಟ್ಟುತ್ತಾನೆ. ಕಟ್ಟು ಆರು ಸೆಕೆಂಡು ಬಿಚ್ಚಬಾರದು. ಕರುವನ್ನು ಹಿಂದಕ್ಕೆ ಎಗರಿ ಬೀಳುವಂತೆ ಜಗ್ಗಬಾರದು ಅಂತ ನಿಯಮ ಇದೆ. ಆದರೂ ಆ ಜಗ್ಗುವಿಕೆ ಹಗುರದ್ದಲ್ಲ. ರ‍್ಯಾಂಚ್‌ನಲ್ಲಿ ಔಷಧಿ ಹಾಕಲು ಕರು ಹಿಡಿಯುವ ಕೆಲಸದಿಂದಲೇ ಈ ಆಟ ಹುಟ್ಟಿದ್ದು ನಿಜ. ಅಲ್ಲಿ ಯಾರೂ ಗಡಿಯಾರ ಹಿಡಿದು ನಿಂತಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಬ್ರಿಟನ್ 1934ರಲ್ಲೇ ಕಾನೂನು ಮಾಡಿ ಇಂಥ ಆಟಗಳಿಗೆ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಪಶುವೈದ್ಯರು ಅಲ್ಲೇ ಇರಬೇಕು ಅಥವಾ ಕರೆದರೆ ಬರುವಂತಿರಬೇಕು ಅಂತ ಕಾನೂನಿದೆ.

ಬ್ರೇಕ್‌ಅವೇ ಅಂತ ಇನ್ನೊಂದಿದೆ, ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಕುಣಿಕೆ ಬಿದ್ದು ಹಗ್ಗ ಬಿಗಿಯಾದ ತಕ್ಷಣ ಜೀನಿಗೆ ಕಟ್ಟಿದ ದಾರ ಕಿತ್ತು ಬರುತ್ತದೆ, ಕರು ಹಾಗೇ ಓಡಿಹೋಗುತ್ತದೆ. ಮೂರು ಡ್ರಮ್ ಸುತ್ತಿ ಕುದುರೆ ಓಡಿಸುವ ಬ್ಯಾರೆಲ್ ರೇಸಿಂಗ್ ಮಗಳಿಗೆ ಖಂಡಿತ ಇಷ್ಟ ಆಗುತ್ತೆ. ಒಂದು ಡ್ರಮ್ ಉರುಳಿದರೆ ಐದು ಸೆಕೆಂಡು ದಂಡ. ಕರುವಿನ ಆಟದ ಹೊತ್ತಿಗೆ ಮಗುವನ್ನು ಕರೆದುಕೊಂಡು ಲೆಮನೇಡ್ ತರಲು ಹೋಗಿ. ನಾನು ಹಾಗೇ ಮಾಡುವುದು.

ಫೀನಿಕ್ಸ್‌ನಿಂದ:

ಎಲ್ಲರೂ ಹೋಗಿ ಅಂತಿದ್ದಾರೆ, ನಾನು ಬೇಡ ಅಂತೀನಿ. ನಮ್ಮತ್ತೆ ಕರು ಬಿದ್ದಿದ್ದು ನೋಡಿ ಎದ್ದು ಹೊರಗೆ ಬಂದುಬಿಟ್ಟರು, ರಾತ್ರಿ ಊಟ ಮಾಡಲಿಲ್ಲ. ಮನೆಯಲ್ಲಿ ಹಸು ಕಟ್ಟಿದವರಿಗೆ ಅದು ಆಟ ಅನ್ನಿಸುವುದಿಲ್ಲ. ಅಮ್ಮನನ್ನು ಕೇಳದೆ ಟಿಕೆಟ್ ತೆಗೆಯಬೇಡಿ.

ಕೇಳಿದವರು:

ಈಗ ಕೇಳಿದೆ. ಅಮ್ಮ ಬರ್ತಾರಂತೆ, ಆದರೆ ಕರುವಿನ ಆಟಕ್ಕೆ ಮೊಮ್ಮಗಳ ಜೊತೆ ಹೊರಗೆ ಹೋಗ್ತಾರಂತೆ. ಅಪ್ಪನಿಗೆ ಗೂಡಿನ ಹತ್ತಿರದ ಸೀಟೇ ಬೇಕಂತೆ. ಮಂಡಿ ನೋವಿಗೆ ಅಲ್ಲಿ ಮೆಟ್ಟಿಲು ಜಾಸ್ತಿ ಇರುತ್ತಾ?

ಡೆನ್ವರ್‌ನಿಂದ:

ಕೋಡಿಯಲ್ಲಿ ಗೂಡುಗಳ ಮೇಲ್ಗಡೆಯ ಸೀಟುಗಳಿಗೆ ಬಝರ್ಡ್ಸ್ ರೂಸ್ಟ್ ಅಂತ ಹೆಸರು. ತಂದೆಯವರಿಗೆ ಅದು ಸರಿ, ಅಮ್ಮನಿಗೆ ಹತ್ತುವುದು ಕಷ್ಟ. ನಿಮ್ಮ ಯಜಮಾನರು ತಂದೆಯವರ ಜೊತೆ ಅಲ್ಲಿ ಕೂರಲಿ. ನೀವು ಮೂವರು ಎದುರಿನ ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಕೆಳಗಿನ ಸಾಲು, ದಾರಿ ಪಕ್ಕದ್ದು ತೆಗೆದುಕೊಳ್ಳಿ. ಟಿಕೆಟ್ ಕೊಡುವವರಿಗೆ ಫೋನ್ ಮಾಡಿ ಮಂಡಿ ವಿಷಯ ಹೇಳಿದರೆ ಯಾವ ಸಾಲು ಅಂತ ಅವರೇ ಹೇಳುತ್ತಾರೆ. ಏಳಕ್ಕೆ ಹೋಗಿ. ಶುರುವಿನಲ್ಲಿ ಬಾವುಟ ಹಿಡಿದು ಕುದುರೆಗಳು ಬಂದು ರಾಷ್ಟ್ರಗೀತೆ ಆಗುತ್ತದೆ, ಎಲ್ಲರೂ ಟೋಪಿ ತೆಗೆದು ಎದ್ದು ನಿಲ್ಲುತ್ತಾರೆ. ತಂದೆಯವರು ಗಾಂಧಿ ಟೋಪಿ ಹಾಕುವವರಾದರೆ ಮೊದಲೇ ಹೇಳಿಡಿ.