‘ಅರ್ಧಾಯು’: ಇದು ಯಾರ ಆಯುಷ್ಯ?

ಮಾನ್ಯರೇ,

ಥೈರಾಯ್ಡ್ ತೊಂದರೆಗೆ ಮೈಸೂರಿನಲ್ಲಿ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಪಡೆದು ವಿರಾಜಪೇಟೆಗೆ ಮರಳಿದ ನನ್ನ ಚಿಕ್ಕಮ್ಮ, ಅಲ್ಲಿ ಕೊಟ್ಟ ಕನ್ನಡದ ಸೂಚನಾಪತ್ರವನ್ನು ಜಗಲಿಯಲ್ಲಿ ಕುಳಿತು ಓದುತ್ತ, ‘ಅರ್ಧಾಯುಷ್ಯ 8 ದಿನ’ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು, “ಇದು ಯಾರ ಆಯುಷ್ಯ, ಮಗಾ?” ಎಂದು ಕೇಳಿದರು.

ವಿಕಿರಣಶೀಲ ಧಾತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲಕ್ಕೆ ಅರ್ಧಾಯು, ಅರ್ಧಾಯುಷ್ಯ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಆದರೆ ಅಲ್ಪಾಯು, ದೀರ್ಘಾಯುಗಳ ಸಾಲಿನಲ್ಲಿಟ್ಟು ಕೇಳಿದವರಿಗೆ ಇದು ನಡುವಿನಲ್ಲೇ ಮುಗಿದ ಬದುಕಿನಂತೆ ತೋರುತ್ತದೆ. 8 ದಿನಕ್ಕೆ ಅರ್ಧವಾದರೆ 16 ದಿನಕ್ಕೆ ಪೂರ್ತಿ ಹೋಯಿತೆಂದು ಲೆಕ್ಕ ಹಾಕುವವರೂ ಇದ್ದಾರೆ. ಆಗಲೂ ಕಾಲು ಭಾಗ ಉಳಿದಿರುತ್ತದೆ.

ಮೈಯೊಳಗೆ ಹೊಕ್ಕ ಧಾತುವಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಗದ್ದೆಯ ನೀರು ಬಿಸಿಲಿಗೆ ಆರುವುದರ ಜೊತೆಗೆ ಬದುವಿನಲ್ಲಿ ಏಡಿ ಕೊರೆದ ತೂತಿನಿಂದಲೂ ಸೋರಿಹೋಗುವಂತೆ, ಧಾತು ತಾನಾಗಿ ಕ್ಷಯಿಸುತ್ತಲೇ ಮಲಮೂತ್ರ, ಬೆವರುಗಳ ಮೂಲಕ ಹೊರಗೂ ಹೋಗುತ್ತದೆ. ಮೊದಲ ದಾರಿಯಲ್ಲಿ ಅರ್ಧವಾಗುವ ಕಾಲಕ್ಕೆ ‘ಭೌತಿಕ ಅರ್ಧಾಯು’, ಎರಡನೆಯ ದಾರಿಯದಕ್ಕೆ ‘ಜೈವಿಕ ಅರ್ಧಾಯು’ ಎನ್ನುತ್ತೇವೆ. ಸೀಸಿಯಂ-137ರ ಭೌತಿಕ ಅರ್ಧಾಯು ಸುಮಾರು 30 ವರ್ಷ, ಆದರೆ ವಯಸ್ಕರ ದೇಹದಿಂದ ಅದರ ಅರ್ಧ ಹೊರಹೋಗಲು ಸುಮಾರು 110 ದಿನ ಸಾಕು. ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಂಗೆ ಇವು ಕ್ರಮವಾಗಿ 12 ವರ್ಷ ಮತ್ತು ಸುಮಾರು 10 ದಿನ. ಮೂಳೆ ಸೇರಿದ ಪ್ಲುಟೋನಿಯಂ ಮಾತ್ರ ದಶಕಗಳ ಕಾಲ ಅಲ್ಲೇ ಕೂತುಬಿಡುತ್ತದೆ.

ಎರಡೂ ದಾರಿ ಸೇರಿದಾಗಿನ ಅವಧಿಯನ್ನು ‘ಪರಿಣಾಮಕಾರಿ ಅರ್ಧಾಯು’ ಎಂದು ಬರೆಯುವ ರೂಢಿ ನನಗೆ ಒಪ್ಪಿಗೆಯಾಗದು, ಏಕೆಂದರೆ ಪರಿಣಾಮಕಾರಿ ಎಂದರೆ ನಮ್ಮಲ್ಲಿ ಗುಣ ಕಾಣಿಸುವ ಔಷಧ, ಜನರಿಗೆ ನಾಟುವ ಭಾಷಣ. ‘ಒಟ್ಟು ಅರ್ಧಾಯು’ ಎಂದರೆ ಇನ್ನೂ ಅಪಾಯ: ಚಿಕ್ಕಮ್ಮನಿಗೆ ಕೊಟ್ಟ ಅಯೋಡಿನ್-131ರ 8 ದಿನದ ಭೌತಿಕ ಅರ್ಧಾಯುವಿಗೆ ಥೈರಾಯ್ಡಿನಲ್ಲಿ ಅದರ ಸುಮಾರು 80 ದಿನದ ಜೈವಿಕ ಅರ್ಧಾಯುವನ್ನು ಕೂಡಿಸಿ ಓದುಗರು 88 ಎಂದುಕೊಂಡಾರು, ನಿಜಕ್ಕೂ ಅದು 7 ದಿನಗಳಿಗಿಂತ ತುಸು ಹೆಚ್ಚು, ಅಂದರೆ ಆ ಎರಡೂ ಅವಧಿಗಳಿಗಿಂತ ಕಡಿಮೆ.

ಕಾಫಿ ತೂಕದ ಚೀಟಿಯಲ್ಲಿ ಎಲ್ಲರಿಗೂ ಪರಿಚಿತವಾದ ‘ನಿವ್ವಳ’ ಎಂಬ ಪದ ಇಲ್ಲಿಗೆ ಹೊಂದೀತೇ? ‘ಅರ್ಧಾಯು’ ಎಂಬ ಮೂಲಪದದ ಬದಲಿಗೆ ‘ಅರೆಗಾಲ’ ಎಂದು ಒಮ್ಮೆ ಯೋಚಿಸಿದ್ದೆ. ಅರ್ಧ ಕಾಲು ಎಂದು ಕೇಳಿಸಿದ್ದರಿಂದ ಕೈಬಿಟ್ಟೆ. ಚಿಕ್ಕಮ್ಮನಿಗೆ ‘ಅರ್ಧಕ್ಕಿಳಿಯುವ ಅವಧಿ’ ಎಂದಾಗ ತಟ್ಟನೆ ಅರ್ಥವಾಯಿತು. ಪಾರಿಭಾಷಿಕ ಪದವಾಗಿ ಇದು ತೀರ ಉದ್ದವೆನಿಸಿದರೆ, ಇದಕ್ಕಿಂತ ಚಿಕ್ಕದನ್ನು ಬಲ್ಲವರು ಸೂಚಿಸಬೇಕಾಗಿ ವಿನಂತಿ.