ಮಿನಿ ಟ್ರ್ಯಾಕ್ಟರ್ ಯಾವ ಗಾಡ್ಯಾಗ ಒಯ್ಯೋದು?

ಪ್ರಶ್ನೆ: ಆಳಂದ ಕಡೆ ಎರಿ ಹೊಲ, ಎರಡು ಊರಾಗ ಅದಾವ. ತೊಗರಿಯಾಗ ಎಡೆ ಹೊಡಿಲಾಕ ಮಿನಿ ಟ್ರ್ಯಾಕ್ಟರ್ ತಗೋಬೇಕಂತ ಇದ್ದೀನ್ರಿ. ಊರಿಂದ ಊರಿಗೆ ಒಯ್ಯಲಾಕ ಛೋಟಾ ಹಾಥಿಯಾಗ (ಟಾಟಾ ಏಸ್) ಹೇರಬಹುದಾ?

ಉತ್ತರ: ಬ್ಯಾಡ್ರಿ. ಅದು ಹೊರೋದೇ ಮುಕ್ಕಾಲು ಟನ್ ಆಸುಪಾಸು, ಬಾಳಷ್ಟು ಮಿನಿ ಟ್ರ್ಯಾಕ್ಟರ್ ಅದಕ್ಕಿಂತ ಭಾರ ಇರತಾವ. 1.5 ಟನ್ನಿನ ಪಿಕಪ್ ನೋಡ್ರಿ. ಎರಿ ಮಣ್ಣಿಗೆ ಟ್ರ್ಯಾಕ್ಟರ್ ಫೋರ್‌ವೀಲ್ ಡ್ರೈವ್ ಇದ್ರ ಚಲೋ.

ಉತ್ತರ: ಟ್ರ್ಯಾಕ್ಟರ್‌ನ ಹಲಗಿ ಮ್ಯಾಲಿಂದ ಪಿಕಪ್ಪಿಗೆ ರಿವರ್ಸ್‌ನಾಗೇ ಏರಿಸ್ರಿ. ಮುಖ ಮುಂದ ಮಾಡಿ ಏರಿಸಿದ್ರ ಮುಂದಿನ ಗಾಲಿ ಎದ್ದು ಹಿಂದಕ ಪಲ್ಟಿ ಆಗಬಹುದು. ಪಿಕಪ್ಪಿನ ಬಾಡಿ ನೆಲದಿಂದ 3 ಅಡಿ ಎತ್ತರ ಇದ್ರ ಹಲಗಿ 9 ಅಡಿಗಿಂತ ಕಡಿಮಿ ಬ್ಯಾಡ. ಪಿಕಪ್ಪಿನ ಹಿಂದಿನ ಚಾಸಿ ಕೆಳಗ ಕಟ್ಟಿಗಿ ದಿಮ್ಮಿ ಕೊಡ್ರಿ. ಇಲ್ಲಂದ್ರ ಭಾರ ತುದಿಗೆ ಬಿದ್ದಾಗ ಗಾಡಿ ಮೂತಿ ಎದ್ದು ಹಲಗಿ ಜಾರತದ. ನಡುವ ಕ್ಲಚ್ ಒತ್ತಲೇಬ್ಯಾಡ್ರಿ.

ಉತ್ತರ: ಏರಿಸಿದ ಮ್ಯಾಲ ಟ್ರ್ಯಾಕ್ಟರ್ ಕಟ್ಟಲಾಕ ನೈಲಾನ್ ಹಗ್ಗ ಬ್ಯಾಡ, ಸಡಲ ಆಗತದ. ರ‍್ಯಾಚೆಟ್ ಬೆಲ್ಟ್ (ಹಿಡಿಕಿಯಿಂದ ಬಿಗಿ ಮಾಡೋ ಪಟ್ಟಿ) ನಾಲ್ಕೂ ಮೂಲಿಗೆ, ಆಕ್ಸಲ್ ಹಿಡದು ಕಟ್ರಿ, ಸ್ಟೀರಿಂಗ್ ರಾಡಿಗಲ್ಲ. 10 ಕಿಲೋಮೀಟರ್ ಆದ ಮ್ಯಾಲ ನಿಂತು ಮತ್ತ ಬಿಗಿ ಮಾಡ್ರಿ.