ಅಂತರ್ಯುದ್ಧ ನಿಲ್ಲಿಸುವಲ್ಲಿ ಧರ್ಮಗುರುಗಳಿಂದ ಸಾಧ್ಯವಾದದ್ದು ಎಷ್ಟು?

ಪ್ರಶ್ನೆ (ಅಧ್ಯಾಪಕ, ಬದಿಯಡ್ಕ):
ನಮ್ಮ ಊರಿನ ವಾಚನಾಲಯದಲ್ಲಿ ಕಳೆದ ಭಾನುವಾರ ಅಂತರ್ಯುದ್ಧಗಳ ಕುರಿತು ನಡೆದ ಚರ್ಚೆಯಲ್ಲಿ, ಧರ್ಮಗುರುಗಳು ಬೆಂಕಿಗೆ ತುಪ್ಪ ಸುರಿದವರೇ ಹೊರತು ಅದನ್ನು ಆರಿಸಿದವರಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾದಿಸಿದಳು. ಒಪ್ಪಲು ಮನಸ್ಸಾಗಲಿಲ್ಲ, ಎದುರುತ್ತರಕ್ಕೆ ಖಚಿತವಾದ ಉದಾಹರಣೆಯೂ ನನ್ನಲ್ಲಿರಲಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಜೇಶ್ವರದಿಂದ):
ಮಾಸ್ತರರೇ, ಮೊಜಾಂಬಿಕ್‌ನಿಂದ ಆರಂಭಿಸಿ. 1977ರಿಂದ ಫ್ರೆಲಿಮೊ ಸರಕಾರಕ್ಕೂ ರೆನಾಮೊ ಬಂಡುಕೋರರಿಗೂ ನಡೆದ ಯುದ್ಧ ಮುಗಿದದ್ದು 1992ರ ಅಕ್ಟೋಬರ್ 4ರ ರೋಮ್ ಒಪ್ಪಂದದಿಂದ. ಎರಡು ವರ್ಷಕ್ಕೂ ಮಿಕ್ಕಿ ಸಾಗಿದ ಆ ಮಾತುಕತೆಗೆ ಎಡೆಮಾಡಿಕೊಟ್ಟದ್ದು ಸಾಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯ. ಮಧ್ಯಸ್ಥರಲ್ಲಿ ಒಬ್ಬರು ಮೊಜಾಂಬಿಕ್‌ನ ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವಿಸ್. ಅವರು 1988ರಲ್ಲಿಯೇ ಕಾಡಿನ ನೆಲೆಗೆ ಹೋಗಿ ರೆನಾಮೊ ನಾಯಕ ಧ್ಲಕಾಮಾರನ್ನು ಕಂಡಿದ್ದರು. ಇಬ್ಬರದೂ ನ್ದೌ ಭಾಷೆ. ತುಳು, ಮಲಯಾಳ, ಕನ್ನಡಗಳ ನಡುವೆ ಬದುಕುವ ನಮಗೆ, ಮನೆಮಾತಿನಲ್ಲಿ ಆಡಿದ ಮಾತು ಮನಸ್ಸಿಗೆ ಇಳಿಯುವ ಬಗೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಪಾದ್ರಿಗಳಿಂದಲೇ ಎಲ್ಲವೂ ಆಯಿತೆನ್ನಲಾಗದು: ರೆನಾಮೊಗೆ ಸಿಗುತ್ತಿದ್ದ ದಕ್ಷಿಣ ಆಫ್ರಿಕದ ನೆರವು ಕುಗ್ಗಿದ್ದು ಮತ್ತು 1991-92ರ ಭೀಕರ ಬರ ಕೂಡ ಕದನಕಾರರನ್ನು ಸಂಧಾನಕ್ಕೆ ದೂಡಿದವು.

ಉತ್ತರ (ಪೆರ್ಲದಿಂದ):
ಆ ವಿದ್ಯಾರ್ಥಿನಿಯ ಮಾತನ್ನು ತಳ್ಳಿಹಾಕಬೇಡಿ. ಶ್ರೀಲಂಕಾದಲ್ಲಿ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ನಡುವೆ 1957ರಲ್ಲಿ ಆದ ಒಪ್ಪಂದವು ತಮಿಳು ಪ್ರದೇಶಗಳಿಗೆ ಒಂದಿಷ್ಟು ಅಧಿಕಾರ ಕೊಡಲಿತ್ತು. ಬೌದ್ಧ ಭಿಕ್ಷುಗಳು ಪ್ರಧಾನಿಯ ಮನೆಯ ಮುಂದೆ ಧರಣಿ ಕುಳಿತ ಮೇಲೆ, 1958ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಯುದ್ಧವಾಗಿ ಹೊತ್ತಿಕೊಂಡದ್ದು 1983ರಲ್ಲಾದರೂ, ಸೌಮ್ಯ ಪರಿಹಾರದ ಬಾಗಿಲೊಂದು ಅಂದೇ ಮುಚ್ಚಿತೆಂದು ನಾನು ನಂಬುತ್ತೇನೆ.

ಉತ್ತರ (ಉದ್ಯಾವರದಿಂದ):
ಮಧ್ಯ ಆಫ್ರಿಕ ಗಣರಾಜ್ಯವನ್ನೂ ನೋಡಿ. 2013ರ ಡಿಸೆಂಬರ್‌ನಲ್ಲಿ ರಾಜಧಾನಿ ಬಾಂಗಿಯಲ್ಲಿ ಕ್ರೈಸ್ತ–ಮುಸ್ಲಿಂ ಕಲಹದಲ್ಲಿ ಕೊಲೆಗಳು ನಡೆಯುತ್ತಿದ್ದಾಗ ಆರ್ಚ್‌ಬಿಷಪ್ ಎನ್‌ಜಪಲೈಂಗಾ ಅವರು ಇಮಾಮ್ ಕೊಬಿನ್ ಲಯಾಮಾ ಅವರಿಗೆ ತಮ್ಮ ನಿವಾಸದಲ್ಲೇ ಆಶ್ರಯ ಕೊಟ್ಟರು. ಇಮಾಮರು ಅಲ್ಲಿ ತಿಂಗಳುಗಟ್ಟಲೆ ಇದ್ದರು. ಕದನ ಅಷ್ಟರಿಂದ ನಿಲ್ಲಲಿಲ್ಲ. ಆದರೆ ಗೆಳೆತನ ಮೊದಲೇ ಬೆಳೆದಿರದಿದ್ದರೆ ಆ ಬಾಗಿಲು ತೆರೆಯುತ್ತಿತ್ತೇ? ನಮ್ಮಲ್ಲಿ ಅರಸು ಮಂಜಿಷ್ಣಾರ್ ಕ್ಷೇತ್ರದ ದೈವಪಾತ್ರಿಗಳು ಉತ್ಸವಕ್ಕೆ ಮುಂಚೆ ಮಸೀದಿಗೆ ಹೋಗಿ ಆಮಂತ್ರಣ ಕೊಡುವುದನ್ನು ಕಂಡಾಗಲೆಲ್ಲ ನನಗೆ ಬಾಂಗಿ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಬರುವ ಭಾನುವಾರ 1958ರ ಘಟನೆಯನ್ನು ಆಕೆಯೇ ಮಂಡಿಸಲಿ. ಬೈರಾದ ಆರ್ಚ್‌ಬಿಷಪ್ಪರ ವಿಷಯವನ್ನು ನಾನು ಹೇಳುತ್ತೇನೆ.